ಜೇಬಿನಲ್ಲಿ ಐದು ಲಕ್ಷದ ಕಾರ್ಡು, ಮಾತ್ರೆಗೆ ಕೈಗಡ

ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು - ನಾಲ್ಕು ಊರಿಗೂ ಒಂದೇ ರಸ್ತೆ. ಹಿಂದೆ 234 ಅನ್ನುತ್ತಿದ್ದ ಈ ರಾಷ್ಟ್ರೀಯ ಹೆದ್ದಾರಿಗೆ ಈಗ 69 ಅಂತ ನಂಬರು. ನಂಬರು ಬದಲಾಯಿತು, ಬಸ್ಸಿನೊಳಗಿನ ಚಿತ್ರ ಬದಲಾಗಲಿಲ್ಲ. ಬೆಳಗಿನ ಬಸ್ಸಿನಲ್ಲಿ ಒಮ್ಮೆ ಕಣ್ಣಾಡಿಸಿ. ಎಕ್ಸ್‌ರೇ ಕವರು ಮಡಿಲಲ್ಲಿಟ್ಟುಕೊಂಡ ಅಜ್ಜಿ, ಪ್ಲಾಸ್ಟಿಕ್ ಚೀಲದಲ್ಲಿ ಹಳೇ ಚೀಟಿಗಳ ಕಂತೆ ಹಿಡಿದ ಯಜಮಾನರು, ಎರಡು ದಿನದ ಕೂಲಿ ಬಿಟ್ಟು ಜತೆಗೆ ಹೊರಟ ಮಗ. ಇವರಲ್ಲಿ ಬಹುಮಂದಿಯ ಜೇಬಿನಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ಚಿಕಿತ್ಸೆ ಕೊಡಿಸುವ ಕಾರ್ಡಿದೆ. ಆದರೂ ಬಸ್ ಚಾರ್ಜು, ಮಾತ್ರೆ, ರಕ್ತಪರೀಕ್ಷೆಗೆ ಯಾರ ಹತ್ತಿರವೋ ಕೈಗಡ ಮಾಡಿಕೊಂಡೇ ಬಂದಿದ್ದಾರೆ.

ಇದು ಹೇಗೆ ಸ್ವಾಮಿ? ಐದು ಲಕ್ಷ ಕೊಡುವ ಸರ್ಕಾರ ಐನೂರು ರೂಪಾಯಿ ಮಾತ್ರೆಗೆ ಯಾಕೆ ಕೈ ಎತ್ತುತ್ತೆ?

ಮೊದಲು ಕಾರ್ಡಿನ ಜಾತಕ ನೋಡೋಣ. ದೆಹಲಿಯ ಆಯುಷ್ಮಾನ್ ಭಾರತ್ ವಿಮೆ ಶುರುವಾದದ್ದು 2018ರ ಸೆಪ್ಟೆಂಬರ್ 23ರಂದು. ಅದಕ್ಕೂ ಮುಂಚೆ, ಅದೇ ವರ್ಷದ ಮಾರ್ಚ್ 2ರಂದು, ನಮ್ಮ ರಾಜ್ಯ ತನ್ನದೇ ‘ಆರೋಗ್ಯ ಕರ್ನಾಟಕ’ ತಂದಿತ್ತು. ಒಂದೇ ಊರಲ್ಲಿ ಎರಡು ಜಾತ್ರೆ ಯಾಕೆ ಅಂತ ಅಕ್ಟೋಬರ್ 30ಕ್ಕೆ ಎರಡನ್ನೂ ಸೇರಿಸಿದರು. ಹೆಸರು ಮಾತ್ರ ಬೆಳೆಯುತ್ತಾ ಹೋಯಿತು. 2023ರಲ್ಲಿ ಹೊಸ ಕಾರ್ಡು ಬಂದಾಗ ಅದು ‘ಆಯುಷ್ಮಾನ್ ಭಾರತ್ ಪ್ರಧಾನ ಮಂತ್ರಿ ಜನ ಆರೋಗ್ಯ - ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ’. ಓದಿ ಮುಗಿಸುವಷ್ಟರಲ್ಲಿ ರೋಗಿಗೆ ಗ್ಲೂಕೋಸ್ ಬಾಟಲಿ ಒಂದು ಇಳಿದಿರುತ್ತೆ. ಪ್ರಧಾನಿಗೂ ಜಾಗ ಬೇಕು, ಮುಖ್ಯಮಂತ್ರಿಗೂ ಜಾಗ ಬೇಕು.

ಜಾಗದ ಜಗಳ ಬರೀ ಹೆಸರಿನದಲ್ಲ, ಗಂಟಿನದೂ ಹೌದು. ದೆಹಲಿ ತನ್ನ 60 ಪಾಲು ಕೊಡೋದು 2011ರ ಸಮೀಕ್ಷೆಯಲ್ಲಿ ಸಿಕ್ಕ ಸುಮಾರು 62 ಲಕ್ಷ ಕುಟುಂಬಗಳ ಲೆಕ್ಕಕ್ಕೆ ಮಾತ್ರ. ಮಿಕ್ಕ ಕುಟುಂಬಗಳ ಖರ್ಚು ಪೂರಾ ರಾಜ್ಯದ ತಲೆ ಮೇಲೆ. 2024ರ ಅಕ್ಟೋಬರಿನಲ್ಲಿ ದೆಹಲಿ 70 ವರ್ಷ ದಾಟಿದವರಿಗೆಲ್ಲ ಆದಾಯ ನೋಡದೆ 5 ಲಕ್ಷ ಅಂತ ಸಾರಿದಾಗಲೂ ಮೊದಲು ಎದ್ದ ಪ್ರಶ್ನೆ ಅದೇ - ಘೋಷಣೆ ಅವರದು, ಬಿಲ್ಲು ಯಾರದು?

ಚೀಟಿ ಇದ್ದರೆ ದಾರಿ

ಕಾರ್ಡು ಹಿಡಿದು ನೇರ ಬೆಂಗಳೂರಿನ ಖಾಸಗಿ ಆಸ್ಪತ್ರೆಗೆ ಹೋಗಿ ನಿಂತವರು ಬೈಸಿಕೊಂಡು ವಾಪಸು ಬರುವುದು ನಮ್ಮ ಕಡೆ ಹೊಸದಲ್ಲ. ನಮ್ಮ ರಾಜ್ಯದ ಪದ್ಧತಿಯೇ ಬೇರೆ. 1650 ಬಗೆಯ ಚಿಕಿತ್ಸೆಯನ್ನು ಪಟ್ಟಿ ಮಾಡಿ ಅದರಲ್ಲಿ ಭಾಗ ಮಾಡಿದ್ದಾರೆ. ಸಾಧಾರಣ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಅದಕ್ಕಿಂತ ಜಟಿಲವಾದದ್ದು, ದೊಡ್ಡ ಆಪರೇಷನ್ನು ಇವಕ್ಕೂ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ‘ಇವರನ್ನು ಬೇರೆ ಕಡೆ ಕಳಿಸಿದ್ದೇವೆ’ ಅಂತ ರೆಫರಲ್ ಚೀಟಿ ಕೊಡುತ್ತಾರೆ. ಆ ಚೀಟಿ ಇದ್ದರೆ ಮಾತ್ರ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತೆ.

ಕಾಗದದ ಮೇಲೆ ಈ ಪದ್ಧತಿ ಕೆಟ್ಟದ್ದಲ್ಲ. ಜ್ವರಕ್ಕೂ ಕೆಮ್ಮಿಗೂ ಸರ್ಕಾರದ ಹಣ ಖಾಸಗಿಯವರ ಗಲ್ಲಾಪೆಟ್ಟಿಗೆ ಸೇರದಿರಲಿ, ಸರ್ಕಾರಿ ಆಸ್ಪತ್ರೆ ಬೆಳೆಯಲಿ ಅನ್ನೋ ಲೆಕ್ಕ. ಆದರೆ ಇದರಿಂದ ಆಗುವುದೇನು? ನಿಮ್ಮ ವಿಮೆಯ ಬಾಗಿಲು ಇರೋದು ಬೆಂಗಳೂರಿನಲ್ಲಲ್ಲ, ನಿಮ್ಮ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಕೋಣೆಯಲ್ಲಿ. ಅಲ್ಲಿ ಆ ಹೊತ್ತು ಡಾಕ್ಟರು ಕೂತಿದ್ದರೆ ಬಾಗಿಲು ತೆರೆಯಿತು. ರಜೆ, ಮೀಟಿಂಗು, ಹುದ್ದೆ ಖಾಲಿ ಅಂದರೆ ಐದು ಲಕ್ಷವೂ ಆ ಹೊತ್ತಿಗೆ ಖಾಲಿ. ವಿಮೆಯನ್ನು ಎಷ್ಟೇ ಹಿಗ್ಗಿಸಿ, ತಾಲ್ಲೂಕು ಆಸ್ಪತ್ರೆ ಕುಗ್ಗಿದರೆ ವಿಮೆಯೂ ಅಷ್ಟೇ ಕುಗ್ಗುತ್ತೆ. ಈ ಮಾತನ್ನು ಯಾವ ಜಾಹೀರಾತಿನ ಬೋರ್ಡಿನಲ್ಲೂ ಹಾಕಿಲ್ಲ.

ಒಂದು ವಿನಾಯಿತಿ ಮಾತ್ರ ಪ್ರತಿಯೊಬ್ಬ ಬಸ್ ಪ್ರಯಾಣಿಕನೂ ನೆನಪಿಟ್ಟುಕೊಳ್ಳಬೇಕು. ತುರ್ತು ಚಿಕಿತ್ಸೆಗೆ ಚೀಟಿ ಬೇಡ. ಎದೆ ಹಿಡಿದುಕೊಂಡಿತು, ಅಪಘಾತವಾಯಿತು, ಮೈ ಸುಟ್ಟಿತು - ಇಂಥ ಹೊತ್ತಿನಲ್ಲಿ ಯೋಜನೆಗೆ ಸೇರಿದ ಯಾವ ಆಸ್ಪತ್ರೆಗಾದರೂ ನೇರ ಹೋಗಬಹುದು. ಆರೋಗ್ಯ ಕಾರ್ಡು ಮನೆಯಲ್ಲೇ ಮರೆತು ಬಂದಿದ್ದರೂ ರೇಷನ್ ಕಾರ್ಡು, ಆಧಾರ್ ತೋರಿಸಿ ನೋಂದಣಿ ಮಾಡಿಸಬಹುದು. ಆಸ್ಪತ್ರೆ ಬಾಗಿಲಲ್ಲೇ ‘ಆರೋಗ್ಯ ಮಿತ್ರ’ ಅಂತ ಒಬ್ಬರು ಇರುತ್ತಾರೆ. ಇರಬೇಕು. ಹಣ ಕಟ್ಟುವ ಕಿಟಕಿಗೆ ಹೋಗುವ ಮುಂಚೆ ಅವರನ್ನು ಹುಡುಕಿ.

ಹೈದರಾಬಾದ್ ಹೆದ್ದಾರಿ ನಮ್ಮ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತೆ. 2023ರ ಅಕ್ಟೋಬರ್ 26ರ ಬೆಳಗ್ಗೆ ಮಂಜಿನಲ್ಲಿ ನಿಂತ ಟ್ಯಾಂಕರಿಗೆ ಸುಮೋ ಗುದ್ದಿ 13 ಜನ ಸತ್ತದ್ದು ಚಿಕ್ಕಬಳ್ಳಾಪುರದ ಹತ್ತಿರವೇ. ಹೊಟ್ಟೆಪಾಡಿಗೆ ಬೆಂಗಳೂರಿಗೆ ಹೊರಟವರು. ಅಂಥ ರಸ್ತೆ ಗಾಯಾಳುಗಳಿಗಾಗಿ 2025ರ ಮೇ ತಿಂಗಳಲ್ಲಿ ದೆಹಲಿ ಬೇರೆಯೇ ಒಂದು ಯೋಜನೆ ಹೊರಡಿಸಿತು. ಅಪಘಾತದ ದಿನದಿಂದ ಏಳು ದಿನದವರೆಗೆ, ಒಬ್ಬರಿಗೆ ಒಂದೂವರೆ ಲಕ್ಷದವರೆಗೆ, ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ನಗದು ಕೇಳದೆ ಚಿಕಿತ್ಸೆ. ಬಡವ ಬಲ್ಲಿದ ಅಂತ ಇದರಲ್ಲಿ ಭೇದವಿಲ್ಲ. ಡ್ರೈವರು ಕಂಡಕ್ಟರುಗಳಿಗೆ ಈ ಸುದ್ದಿ ಮುಟ್ಟಿದೆಯೇ ಅಂತ ಇವತ್ತೇ ನಿಮ್ಮ ಬಸ್ಸಿನಲ್ಲಿ ಕೇಳಿ ನೋಡಿ.

ಬಿಸಿ ಬಾನಿಯ ಮುಂದೆ ಕೂತವರು

ಈಗ ಮಾತ್ರೆಯ ವಿಷಯ. ಇದೇ ದೊಡ್ಡದು.

ಆಯುಷ್ಮಾನ್ ಕಾರ್ಡು ದುಡ್ಡು ಕೊಡುವುದು ಆಸ್ಪತ್ರೆಗೆ ಸೇರಿಸಿಕೊಂಡರೆ ಮಾತ್ರ. ಡಾಕ್ಟರಿಗೆ ತೋರಿಸಿ, ಚೀಟಿ ಬರೆಸಿ, ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ತಗೊಂಡು ಮನೆಗೆ ಬಂದರೆ ಅದು ನಿಮ್ಮ ಖರ್ಚು. ನಮ್ಮ ಜನ ಮನೆ ಹಾಳು ಮಾಡಿಕೊಳ್ಳುವುದು ಇಲ್ಲೇ. ವರ್ಷಕ್ಕೊಂದು ಆಪರೇಷನ್ನು ಎಷ್ಟು ಮನೆಯಲ್ಲಿ ಆಗುತ್ತೆ? ಆದರೆ ಸಕ್ಕರೆ ಕಾಯಿಲೆ, ಬಿಪಿ, ದಮ್ಮು, ಮಂಡಿನೋವು ಇಲ್ಲದ ಮನೆ ಯಾವುದಿದೆ ಹೇಳಿ. ತಿಂಗಳಿಗೆ ಒಂದು ಸಾವಿರ ಅಂತಿಟ್ಟುಕೊಂಡರೂ ವರ್ಷಕ್ಕೆ ಹನ್ನೆರಡು ಸಾವಿರ. ಹತ್ತು ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ. ಇದರಲ್ಲಿ ಒಂದು ಪೈಸೆಯೂ ಕಾರ್ಡಿನ ಲೆಕ್ಕಕ್ಕೆ ಬರೋದಿಲ್ಲ.

ಶಿಡ್ಲಘಟ್ಟಕ್ಕೆ ಬನ್ನಿ. ಗೂಡಿನ ಮಾರುಕಟ್ಟೆಯಲ್ಲಿ ರಾಮನಗರ ಬಿಟ್ಟರೆ ಇದೇ ದೊಡ್ಡ ಹೆಸರು. ಗೂಡು ಹರಾಜಾಗಿ ರೀಲರುಗಳ ಮನೆ ಸೇರುತ್ತೆ. ಅಲ್ಲಿ ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಬಿಸಿ ಬಾನಿಗೆ ಕೈ ಹಾಕಿ ಎಳೆ ತೆಗೆಯುವ ಕೆಲಸ. ದಿನವಿಡೀ ಹಬೆ, ಒಲೆಯ ಹೊಗೆ, ಸತ್ತ ಹುಳುವಿನ ವಾಸನೆ. ಕೈ ಚರ್ಮ ಸುಲಿಯುತ್ತೆ, ಬೆರಳ ಸಂದು ಬಿರಿಯುತ್ತೆ, ಕೆಲವರಿಗೆ ಉಬ್ಬಸ ಅಂಟಿಕೊಳ್ಳುತ್ತೆ. ಇವರಿಗೆ ಬೇಕಾದದ್ದು ಆಸ್ಪತ್ರೆಯ ಮಂಚ ಅಲ್ಲ. ತಿಂಗಳು ತಿಂಗಳು ಸಿಗುವ ಇನ್‌ಹೇಲರು, ಕೈಗೆ ಹಚ್ಚುವ ಮುಲಾಮು, ಹೊಗೆ ಹೊರಗೆ ಹೋಗುವ ಚಿಮಣಿ. ಉಬ್ಬಸ ವಿಪರೀತವಾಗಿ ಪ್ರಾಣಕ್ಕೆ ಬಂದು ಆಸ್ಪತ್ರೆಗೆ ಸೇರಿಸಿದ ದಿನ ಕಾರ್ಡು ಎಚ್ಚರವಾಗುತ್ತೆ. ಅಲ್ಲೀವರೆಗೆ ಅದಕ್ಕೆ ನಿದ್ದೆ.

ಇದೇ ರಸ್ತೆಯ ಇನ್ನೊಂದು ತುದಿಯಲ್ಲಿ ಗೌರಿಬಿದನೂರಿನ ಕೈಗಾರಿಕಾ ಪ್ರದೇಶ. ಅಲ್ಲಿನ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳಿಗೆ ಇಎಸ್‌ಐ ಇರುತ್ತೆ. ಆಕೆಯ ಸಂಬಳದಲ್ಲಿ ನೂರಕ್ಕೆ 75 ಪೈಸೆ, ಮಾಲೀಕನಿಂದ ನೂರಕ್ಕೆ ಮೂರೂಕಾಲು ರೂಪಾಯಿ. ಅದಕ್ಕೆ ಪ್ರತಿಯಾಗಿ ಮಾತ್ರೆ ಬರುತ್ತೆ, ಮನೆಯವರಿಗೂ ಚಿಕಿತ್ಸೆ ಬರುತ್ತೆ, ಕಾಯಿಲೆ ಬಿದ್ದು ಕೆಲಸಕ್ಕೆ ಹೋಗದಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ ಎಪ್ಪತ್ತು ಪಾಲು ಬರುತ್ತೆ. 1948ರ ಹಳೇ ಕಾನೂನಿನಿಂದ ಬಂದದ್ದು ಇದು. ಹೊಸ ಯೋಜನೆಗಳ ಗದ್ದಲದಲ್ಲಿ ಇದರ ಹೆಸರೆತ್ತುವವರಿಲ್ಲ, ಆದರೆ ಪೂರ್ತಿ ವಿಮೆ ಅಂತ ಯಾವುದಕ್ಕಾದರೂ ಹೇಳಬಹುದಾದರೆ ಇದಕ್ಕೇ. ತೊಡಕೇನೆಂದರೆ ಹತ್ತು ಜನ ಕೆಲಸಗಾರರಿಲ್ಲದ ಕಡೆ ಸಾಮಾನ್ಯವಾಗಿ ಇದು ಕಡ್ಡಾಯವಲ್ಲ. ಮನೆ ಹಿಂದಿನ ಶೆಡ್ಡಿನಲ್ಲಿ ನಾಲ್ಕೈದು ಜನ ಇಟ್ಟುಕೊಂಡು ನಡೆಸುವ ರೀಲಿಂಗ್ ಘಟಕಕ್ಕೆ ಹೇಗೆ ಬರಬೇಕು? ತಿಂಗಳ ಸಂಬಳ 21 ಸಾವಿರ ದಾಟಿದ ಕಾರ್ಖಾನೆಯವರಿಗೂ ಇಲ್ಲ. ಆ ಗೆರೆ ಎಳೆದದ್ದು 2017ರ ಜನವರಿಯಲ್ಲಿ.

ಹಾಗಾದರೆ ಬಡವರ ಮಾತ್ರೆಗೆ ದಾರಿಯೇ ಇಲ್ಲವೇ? ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರ. 30 ಸಾವಿರ ಜನಕ್ಕೊಂದು ಇರಬೇಕು ಅನ್ನೋದು ನಿಯಮ. ಬಿಪಿ, ಸಕ್ಕರೆಯ ಮಾತ್ರೆ ಅಲ್ಲಿ ಪುಕ್ಕಟೆ ಸಿಗಬೇಕು. ಇದೇ ಆಯುಷ್ಮಾನ್ ಭಾರತದ ಇನ್ನೊಂದು ಕೈ ಅಂತ 2018ರಲ್ಲಿ ಈ ಕೇಂದ್ರಗಳಿಗೆ ಹೊಸ ಹೆಸರು ಕೊಟ್ಟರು, 2023ರಲ್ಲಿ ಮತ್ತೆ ಬದಲಿಸಿ ‘ಆಯುಷ್ಮಾನ್ ಆರೋಗ್ಯ ಮಂದಿರ’ ಅಂದರು. ಮಂದಿರವಾದರೂ ಸರಿ, ಗುಡಿಯಾದರೂ ಸರಿ, ಪೂಜಾರಿ ಇರಬೇಕು, ಪ್ರಸಾದ ಸಿಗಬೇಕು. ‘ಸ್ಟಾಕ್ ಇಲ್ಲಮ್ಮ, ಹೊರಗಡೆ ತಗೋ’ ಅಂತ ಚೀಟಿ ಬರೆದುಕೊಟ್ಟರೆ ಅಲ್ಲಿಗೆ ಸರ್ಕಾರದ ಆರೋಗ್ಯ ನೀತಿ ಮುಗಿದು ಮೆಡಿಕಲ್ ಸ್ಟೋರಿನ ವ್ಯಾಪಾರ ಶುರು.

2024ರಲ್ಲಿ ಪಕ್ಕದ ಕೋಲಾರದಿಂದ ‘ಗೃಹ ಆರೋಗ್ಯ’ ಅಂತ ಒಂದು ಪ್ರಯತ್ನ ಹೊರಟಿತು. ಮನೆ ಬಾಗಿಲಿಗೇ ಬಂದು ಬಿಪಿ ಸಕ್ಕರೆ ನೋಡಿ ಮಾತ್ರೆ ಕೊಡುವುದು. ಯೋಚನೆ ಒಳ್ಳೆಯದು. ಆದರೆ ಹಳ್ಳಿಯಲ್ಲಿ ಬಾಗಿಲಿಗೆ ಬರುವುದು ಯಾರು? ಆಶಾ ಕಾರ್ಯಕರ್ತೆ. ಆಕೆ ತನ್ನ ಹೊಟ್ಟೆಪಾಡಿಗೆ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಬೇಕಾಯಿತು. ತಿಂಗಳಿಗೆ ಹತ್ತು ಸಾವಿರ ಖಾತ್ರಿ ಅಂತ ಮಾತು ತಗೊಂಡ ಮೇಲೇ ಎದ್ದದ್ದು.

ಅಂಗಡಿಯವರಿಗೆ ಯಾವ ಕಾರ್ಡು?

ಈ ಅಂಕಣ ಓದುವವರಲ್ಲಿ ಅರ್ಧ ಜನ ಅಂಗಡಿ ಇಟ್ಟವರು. ಅವರ ಕಥೆ ಇನ್ನೊಂದು. ಕೂಲಿಯವನಿಗೆ ಬಿಪಿಎಲ್ ಕಾರ್ಡಿದೆ, ಕಾರ್ಖಾನೆಯವನಿಗೆ ಇಎಸ್‌ಐ ಇದೆ, ಸರ್ಕಾರಿ ನೌಕರನಿಗೆ ಸರ್ಕಾರವೇ ಇದೆ. ಚಿಂತಾಮಣಿಯ ಪೇಟೆಯಲ್ಲಿ ಬಟ್ಟೆ ಅಂಗಡಿ, ಗೌರಿಬಿದನೂರಿನಲ್ಲಿ ಕಿರಾಣಿ, ಬಸ್ ಸ್ಟ್ಯಾಂಡಿನಲ್ಲಿ ಬೇಕರಿ ಇಟ್ಟವನಿಗೆ ಏನಿದೆ?

ನಿಯಮ ಹೀಗಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಪೂರ್ತಿ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ನೂರಕ್ಕೆ ಮೂವತ್ತು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಲೆಕ್ಕ ಹಾಕಿ. ಒಂದು ಲಕ್ಷದ ಆಪರೇಷನ್ನಿಗೆ ಸರ್ಕಾರ 30 ಸಾವಿರ ಕೊಟ್ಟರೆ ನೀವು 70 ಸಾವಿರ ಕಟ್ಟಬೇಕು. ಬಿಪಿಎಲ್‌ನವನು ಒಂದು ರೂಪಾಯಿ ಕಟ್ಟಬೇಕಿಲ್ಲ. ಇಬ್ಬರ ನಡುವಿನ ಗೆರೆ ಎಲ್ಲಿದೆ? ಕುಟುಂಬದ ವರ್ಷದ ಆದಾಯ 1 ಲಕ್ಷ 20 ಸಾವಿರದಲ್ಲಿ. ಅಂದರೆ ತಿಂಗಳಿಗೆ ಹತ್ತು ಸಾವಿರ. ಇವತ್ತಿನ ಕಾಲದಲ್ಲಿ ದಿನಕ್ಕೆ ಮುನ್ನೂರೈವತ್ತು ರೂಪಾಯಿ ಉಳಿಸುವ ಬೀಡಾ ಅಂಗಡಿಯವನೂ ಈ ಗೆರೆಯ ಆಚೆಗೆ ಹೋದ!

2024ರ ನವೆಂಬರಿನಲ್ಲಿ ರಾಜ್ಯವೆಲ್ಲ ಬಿಪಿಎಲ್ ಕಾರ್ಡು ರದ್ದಿನ ಗುಲ್ಲೆದ್ದದ್ದು ನೆನಪಿದೆ ತಾನೆ? ಆಮೇಲೆ ಸರ್ಕಾರ ಹಿಂದೆ ಸರಿದು, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆಯವರದ್ದು ಬಿಟ್ಟು ಉಳಿದವರದ್ದು ಮುಟ್ಟೋದಿಲ್ಲ ಅಂತು. ಆದರೆ ಸಿಕ್ಕು ಇರೋದು ಅಲ್ಲೇ. ಬ್ಯಾಂಕಿನಲ್ಲಿ ಸಾಲ ಬೇಕಂದರೆ ‘ಎರಡು ವರ್ಷದ ರಿಟರ್ನ್ಸ್ ತಗೊಂಡು ಬಾರಪ್ಪ’ ಅಂತಾರೆ. ತೆರಿಗೆ ಬೀಳುವಷ್ಟು ಆದಾಯ ಇಲ್ಲದಿದ್ದರೂ, ಆಡಿಟರ ಹತ್ತಿರ ಹೋಗಿ ಸೊನ್ನೆ ತೆರಿಗೆಯ ರಿಟರ್ನ್ಸ್ ಹಾಕಿಸಿದವರು ಊರು ತುಂಬ ಇದ್ದಾರೆ. ಆ ಕಾಗದ ಸಾಲ ಕೊಡಿಸಿತು, ಸರಿ. ಅದೇ ಕಾಗದ ರೇಷನ್ ಕಾರ್ಡಿಗೂ ಕುತ್ತು ತಂದಿತು. ರೇಷನ್ ಕಾರ್ಡು ಹೋದರೆ ಬರೀ ಅಕ್ಕಿ ಹೋಗೋದಿಲ್ಲ, ಐದು ಲಕ್ಷದ ಚಿಕಿತ್ಸೆಯೂ ಹೋಗುತ್ತೆ. ಅಕ್ಕಿ ಕೊಂಡು ತಿನ್ನಬಹುದು. ಹೃದಯದ ಆಪರೇಷನ್ನು? ನಮ್ಮನ್ನು ಕೇಳಿದರೆ, ಆಸ್ಪತ್ರೆಯ ಮಂಚವನ್ನು ಅಕ್ಕಿಯ ಚೀಟಿಗೆ ಗಂಟು ಹಾಕಿದ್ದೇ ತಪ್ಪು. ಆ ಗಂಟು ಬಿಚ್ಚುವ ಧೈರ್ಯ ಯಾವ ಪಕ್ಷವೂ ತೋರಿಲ್ಲ.

ಹಾಗಿದ್ದರೆ ದುಡ್ಡು ಕೊಟ್ಟು ವಿಮೆ ಕೊಳ್ಳೋಣ ಅಂದರೆ, ಅಲ್ಲಿ ಒಂದು ಒಳ್ಳೇ ಸುದ್ದಿ ಬಂದಿದೆ. ಮನೆಮಂದಿಗೆ ನೀವೇ ಕೊಳ್ಳುವ ಆರೋಗ್ಯ ವಿಮೆಯ ಮೇಲಿದ್ದ ನೂರಕ್ಕೆ 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದರು. 20 ಸಾವಿರದ ಕಂತಿಗೆ 3,600 ತೆರಿಗೆ ಬೀಳುತ್ತಿದ್ದದ್ದು ಈಗಿಲ್ಲ. 65 ದಾಟಿದವರಿಗೆ ಪಾಲಿಸಿ ಇಲ್ಲ ಅನ್ನುವ ತಡೆಯೂ 2024ರಲ್ಲಿ ಹೋಯಿತು. ಮುಂಚಿನಿಂದ ಇದ್ದ ಕಾಯಿಲೆಗೆ ನಾಲ್ಕು ವರ್ಷ ಕಾಯಿಸುತ್ತಿದ್ದದ್ದು ಹೆಚ್ಚೆಂದರೆ ಮೂರಕ್ಕೆ ಇಳಿಯಿತು. ಆದರೆ ಏಜೆಂಟರ ಮಾತಿಗೆ ತಲೆದೂಗಿ ಸಕ್ಕರೆ ಕಾಯಿಲೆ ಬಚ್ಚಿಟ್ಟು ಸಹಿ ಹಾಕಬೇಡಿ. ಕ್ಲೇಮಿನ ದಿನ ಕಂಪನಿಯವರು ನಿಮ್ಮ ಹಳೇ ಚೀಟಿಯನ್ನೇ ತೆಗೆದು ತೋರಿಸುತ್ತಾರೆ.

ಇದಕ್ಕಿಂತ ಅಗ್ಗದ್ದು ಇನ್ನೊಂದಿದೆ, ಪೇಟೆಯವರು ಅದನ್ನು ಹಳ್ಳಿಯವರದ್ದು ಅಂತ ಬಿಟ್ಟಿದ್ದಾರೆ. ಅದು ಯಶಸ್ವಿನಿ. ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ, 2003ರ ಜೂನಿನಲ್ಲಿ, ಸಹಕಾರ ಸಂಘದ ರೈತರಿಗಾಗಿ ತಿಂಗಳಿಗೆ ಐದೇ ರೂಪಾಯಿ ಲೆಕ್ಕದಲ್ಲಿ ಹೊರಟದ್ದು. ಡಾ. ದೇವಿ ಶೆಟ್ಟಿ ಅವರ ಯೋಚನೆ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಡೇರಿಗೆ ಹಾಲು ಹಾಕುವ ನಮ್ಮ ಕಡೆಯ ಹೆಂಗಸರು ಹಾಲಿನ ಬಿಲ್ಲಿನಲ್ಲೇ ಹಣ ಹಿಡಿಸಿ ಸೇರಿಕೊಂಡದ್ದು ಹಳಬರಿಗೆ ಗೊತ್ತು. ದೆಹಲಿಯ ಯೋಜನೆ ಬಂದ 2018ರಲ್ಲಿ ‘ಎಲ್ಲ ಒಂದೇ’ ಅಂತ ಇದನ್ನು ಅದರೊಳಗೆ ಸೇರಿಸಿ ಮುಚ್ಚಿಬಿಟ್ಟರು. ನಡೆಯುತ್ತಿದ್ದ ಗಾಡಿಯ ಗಾಲಿ ಕಳಚಿದ ಹಾಗೆ. ರೈತರು ಕೂಗಾಡಿದ ಮೇಲೆ 2022ರಲ್ಲಿ ಮತ್ತೆ ತಂದರು. ಗ್ರಾಮೀಣ ಸಹಕಾರ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500, ನಗರದ ಸಹಕಾರ ಸಂಘದ ಸದಸ್ಯರಿಗೆ 1,000, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ಅಂತ ನಿಗದಿ ಮಾಡಿದರು. ರಕ್ಷಣೆ 5 ಲಕ್ಷದವರೆಗೆ. ನೀವು ಪತ್ತಿನ ಸಹಕಾರ ಸಂಘದಲ್ಲಿ ಷೇರು ಇಟ್ಟ ಅಂಗಡಿಯವರಾಗಿದ್ದರೆ ಸೆಕ್ರೆಟರಿಯನ್ನು ಇವತ್ತೇ ಹೋಗಿ ಕೇಳಿ. ಪ್ರತಿ ವರ್ಷ ನೋಂದಣಿಗೆ ಇಂತಿಷ್ಟೇ ದಿನ ಅಂತ ಇರುತ್ತೆ. ಗಡುವು ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ಮಂಚ ಎಷ್ಟು ದೂರ?

2007ರಲ್ಲಿ ಕೋಲಾರದಿಂದ ಬೇರೆಯಾಗುವ ತನಕ ನಮಗೆ ಜಿಲ್ಲಾಸ್ಪತ್ರೆ ಅಂದರೆ ಕೋಲಾರದ ಎಸ್‌ಎನ್‌ಆರ್. ಗೌರಿಬಿದನೂರಿನವನಿಗೆ ಅದಕ್ಕಿಂತ ಬೆಂಗಳೂರಿನ ರೈಲೇ ಹತ್ತಿರ. ಈಗ ಚಿಕ್ಕಬಳ್ಳಾಪುರಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಮುದ್ದೇನಹಳ್ಳಿಯಲ್ಲಿ 2023ರ ಮಾರ್ಚ್ 25ರಂದು ಪ್ರಧಾನಿ ಉದ್ಘಾಟಿಸಿದ ಖಾಸಗಿ ಟ್ರಸ್ಟಿನ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಬಿಲ್ಲೇ ಇಲ್ಲ. ಒಪ್ಪಬೇಕಾದ್ದೇ. ಜಿಲ್ಲಾ ಕೇಂದ್ರದ ಸುತ್ತ ಮಂಚ ಹೆಚ್ಚಾಗಿದೆ.

ಆದರೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕಾದವನಿಗೆ ಜಿಲ್ಲಾ ಕೇಂದ್ರವೂ ದೂರವೇ. ತಾಲ್ಲೂಕು ಆಸ್ಪತ್ರೆಗೇ ಡಯಾಲಿಸಿಸ್ ಯಂತ್ರ ತಂದದ್ದು ಈಚಿನ ವರ್ಷಗಳ ಸುಧಾರಣೆಗಳಲ್ಲಿ ನಮಗೆ ಅತಿ ಮುಖ್ಯವಾಗಿ ಕಾಣುವುದು ಅದಕ್ಕೇ. ಯಂತ್ರ ಕೆಟ್ಟು ನಿಂತ ವಾರ ರೋಗಿ ಬೆಂಗಳೂರಿನ ಬಸ್ಸು ಹತ್ತಬೇಕು. ಇಲ್ಲಿ ಇನ್ನೊಂದು ತಮಾಷೆ ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆಸ್ಪತ್ರೆಗೆ ಹೋಗೋಕೆ ಗಂಡನ ಕೈ ಕಾಯುತ್ತಿದ್ದ ಎಷ್ಟೋ ಹೆಂಗಸರು ತಾವೇ ಹೋಗಿ ಬರುವ ಹಾಗಾಯಿತು. ಆರೋಗ್ಯ ಇಲಾಖೆ ಮಾಡದ ಕೆಲಸ ಸಾರಿಗೆ ಇಲಾಖೆ ಮಾಡಿತು! ಆದರೆ ನಮ್ಮ ಕಡೆ ಎಷ್ಟೋ ಹಳ್ಳಿಗೆ ಓಡೋದು ಪ್ರೈವೇಟ್ ಬಸ್ಸು. ಅಲ್ಲಿ ಶಕ್ತಿ ನಡೆಯೋದಿಲ್ಲ. ಜತೆಗೆ ಬರುವ ಗಂಡಸಿಗಂತೂ ಎಲ್ಲೂ ಇಲ್ಲ, 2025ರ ಜನವರಿಯಲ್ಲಿ ಟಿಕೆಟ್ ದರ ನೂರಕ್ಕೆ ಹದಿನೈದು ಏರಿತು.

ದೆಹಲಿಯವರು 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಬರೆದಿದ್ದರು: 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ಖರ್ಚು ದೇಶದ ಒಟ್ಟು ಉತ್ಪನ್ನದ ನೂರಕ್ಕೆ ಎರಡೂವರೆ ಆಗಬೇಕು, ಅದರಲ್ಲಿ ಮೂರರಲ್ಲೆರಡು ಪಾಲು ಪ್ರಾಥಮಿಕ ಚಿಕಿತ್ಸೆಗೆ ಹೋಗಬೇಕು. 2021-22ರ ಲೆಕ್ಕದಲ್ಲಿ ಅದು 1.84. ಅದೂ ಕೊರೋನಾ ಬಂದು ಕುತ್ತಿಗೆ ಹಿಡಿದ ಮೇಲೆ. ಜನ ಕೈಯಿಂದ ಕೊಡುವ ಪಾಲು 2013-14ರಲ್ಲಿ ನೂರಕ್ಕೆ 64 ಇದ್ದದ್ದು 39ಕ್ಕೆ ಇಳಿದಿದೆ ಅನ್ನೋದೂ ಅದೇ ಲೆಕ್ಕ. ಇಳಿದದ್ದು ಸಂತೋಷವೇ. ಆ 39 ಎಲ್ಲಿ ಖರ್ಚಾಗುತ್ತೆ ಅಂತ ಮೆಡಿಕಲ್ ಸ್ಟೋರಿನ ಮುಂದಿನ ಕ್ಯೂ ಹೇಳುತ್ತೆ.

ಕಾರ್ಡಿನ ಪಟ್ಟಿಯ ಗುಣಮಟ್ಟಕ್ಕೂ ಒಂದು ಮಾತು. 2023ರಲ್ಲಿ ಮಹಾಲೇಖಪಾಲರು ತಪಾಸಣೆ ಮಾಡಿದಾಗ, ದೇಶದಲ್ಲಿ ಏಳೂವರೆ ಲಕ್ಷ ಫಲಾನುಭವಿಗಳ ಹೆಸರಿನ ಮುಂದೆ ಒಂದೇ ಮೊಬೈಲ್ ನಂಬರು ಸಿಕ್ಕಿತು. ಯಾವುದು ಗೊತ್ತೇ? ಹತ್ತು ಸಲ ಒಂಬತ್ತು. ನಿಮ್ಮ ಕಾರ್ಡಿನಲ್ಲಿ ಹೆಸರು, ವಯಸ್ಸು, ನಂಬರು ಸರಿಯಿದೆಯೇ ಅಂತ ಮೈ ಚೆನ್ನಾಗಿರುವಾಗಲೇ ನೋಡಿಸಿಕೊಳ್ಳಿ.

ಕೇಳುವವರು ಯಾರು ಅನ್ನೋದು ಉಳಿದ ಪ್ರಶ್ನೆ. ಹಳ್ಳಿ ಆಸ್ಪತ್ರೆಯ ಬಾಗಿಲು ಹಾಕಿದ್ದರೆ ಹಿಂದೆ ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಯಾರಾದರೂ ಮೆಂಬರು ಎದ್ದು ನಿಂತು ಆರೋಗ್ಯಾಧಿಕಾರಿಯ ಬೆವರಿಳಿಸುತ್ತಿದ್ದರು. 2021ರಲ್ಲಿ ಅವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಲ್ಲೀವರೆಗೆ ಉಳಿದದ್ದು ಆಸ್ಪತ್ರೆಗೊಂದರಂತೆ ಇರುವ ಆರೋಗ್ಯ ರಕ್ಷಾ ಸಮಿತಿ. ಅದರಲ್ಲಿ ಯಾರಿದ್ದಾರೆ, ಕೊನೆಯ ಸಭೆ ಎಂದು ನಡೆಯಿತು ಅಂತ ನಿಮ್ಮೂರಿನ ಆಸ್ಪತ್ರೆಯಲ್ಲಿ ಕೇಳಿ. ‘ಹೊರಗಡೆ ತಗೊಳ್ಳಿ’ ಅಂತ ಬರೆದುಕೊಟ್ಟ ಚೀಟಿಗಳನ್ನು ಬಿಸಾಡಬೇಡಿ, ತಾರೀಖಿನ ಸಮೇತ ಕೂಡಿಟ್ಟು ಆ ಸಮಿತಿಯ ಮುಂದಿಡಿ. ಬಿಪಿಎಲ್ ಕಾರ್ಡಿನವರಿಂದ ಯೋಜನೆಯೊಳಗಿನ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ‘ಅಡ್ವಾನ್ಸ್’ ಕೇಳಿದರೆ ಕೊಡುವ ಮುಂಚೆ 14555ಕ್ಕೆ ಫೋನ್ ಮಾಡಿ. ಕೊಟ್ಟೇ ಆಗಿದ್ದರೆ ರಸೀದಿ ಬಿಡಬೇಡಿ.